ಎನ್‌2 ಪಾಸಾದ ಮೇಲೂ ಫೋನ್ ಎತ್ತಲು ಭಯ

ಜಪಾನಿನ ಆಫೀಸಿನಲ್ಲಿ ನನ್ನ ಎರಡನೇ ದಿನ. ಪಕ್ಕದ ಮೇಜಿನ ಫೋನ್ ಹೊಡೆದುಕೊಂಡಿತು. ಅಲ್ಲಿ ಮೂರನೇ ರಿಂಗಿನೊಳಗೆ ಫೋನ್ ಎತ್ತಬೇಕು, ಅದೂ ಹೊಸಬರೇ ಎತ್ತಬೇಕು. ಎತ್ತಿದೆ. ಆ ಕಡೆಯವರು ನಮ್ಮ ಮ್ಯಾನೇಜರ್ ಇದ್ದಾರಾ ಅಂತ ಕೇಳಿದರು. ಅವರ ಹೆಸರು ಸಾತೋ ಅಂತಿಟ್ಟುಕೊಳ್ಳಿ. ಜಪಾನೀಸ್ ಭಾಷಾ ಪರೀಕ್ಷೆಯ ಎನ್‌2 ಹಂತ ಪಾಸಾಗಿದ್ದ ನಾನು, ಕಲಿತಿದ್ದ ಗೌರವವನ್ನೆಲ್ಲ ಸುರಿದು, 'ಸಾತೋ-ಸನ್ ಇರಶ್ಶೈಮಾಸೆನ್' ಅಂದೆ. ಸಾತೋ ಅವರು ಇಲ್ಲ ಅಂತ. ಸುತ್ತಲಿನ ಕೀಬೋರ್ಡ್ ಸದ್ದು ಒಂದು ಕ್ಷಣ ನಿಂತಿತು.

ವ್ಯಾಕರಣ ಸರಿಯಾಗಿಯೇ ಇತ್ತು. ಗೌರವ ಜಾಸ್ತಿಯಾಗಿತ್ತು. ಜಪಾನೀಸಿನಲ್ಲಿ ಉಚಿ ಅಂದರೆ ಒಳಗಿನವರು, ಸೊತೊ ಅಂದರೆ ಹೊರಗಿನವರು. ಹೊರಗಿನವರ ಮುಂದೆ ಒಳಗಿನವರನ್ನು ಎತ್ತಿ ಮಾತಾಡಬಾರದು. ಎದುರಿಗೆ ಸಿಕ್ಕಾಗ ಸಾತೋ ಅವರಿಗೆ ನಡು ಬಗ್ಗಿಸಬೇಕು. ಆದರೆ ಗ್ರಾಹಕರ ಫೋನಿನಲ್ಲಿ ಅವರು ಬರೀ ಸಾತೋ. 'ಸಾತೋ ವಾ ತದಾಇಮಾ ಸೆಕಿ ಒ ಹಜುಶಿತೆ ಒರಿಮಾಸು' ಅನ್ನಬೇಕಿತ್ತು. ಸಾತೋ ಸದ್ಯಕ್ಕೆ ಸೀಟಿನಲ್ಲಿಲ್ಲ, ಅಷ್ಟೇ. ನಮ್ಮ ನಾಲಿಗೆಗೆ ಇದು ಸುಲಭಕ್ಕೆ ಬರುವುದಿಲ್ಲ. ಅಪ್ಪನ ಬಗ್ಗೆ ಯಾರ ಹತ್ತಿರ ಹೇಳಿದರೂ ನಾವು 'ಹೊರಗೆ ಹೋಗಿದ್ದಾರೆ' ಅಂತಲೇ ಅನ್ನುತ್ತೇವೆ, ಅಲ್ವಾ? ಅಲ್ಲಿ ಅಪ್ಪನಿಗೇ ಎರಡು ಪದ. ನಿಮ್ಮ ಅಪ್ಪ ಒತೋಸನ್. ಹೊರಗಿನವರ ಮುಂದೆ ನನ್ನ ಅಪ್ಪ ಬರೀ ಚಿಚಿ.

ಆಮೇಲೆ ಆರು ವರ್ಷ ಅಲ್ಲೇ ಇದ್ದೆ. ಈಗ ಜಪಾನೀಸ್ ಕಲಿಸುತ್ತೇನೆ, ನಡುನಡುವೆ ಕಂಪನಿಗಳಿಗೆ ದುಭಾಷಿ ಕೆಲಸ. ಕ್ಲಾಸಿಗೆ ಸೇರುವ ಮೊದಲೇ ಎಲ್ಲರೂ ಕೇಳುವುದು ಒಂದೇ: 'ಸೆನ್ಸೇ, ಎಷ್ಟು ತಿಂಗಳಲ್ಲಿ ಎನ್‌3 ಆಗುತ್ತೆ? ಎನ್‌3 ಆದರೆ ಹೋಗಬಹುದಾ?' ವೀಸಾಕ್ಕೆ ಸಾಕಾಗುವ ಜಪಾನೀಸ್ ಬೇರೆ, ಅಲ್ಲಿ ಬಾಳುವೆ ಮಾಡಲು ಬೇಕಾದ ಜಪಾನೀಸ್ ಬೇರೆ. ಮೊದಲನೆಯದನ್ನು ಪರೀಕ್ಷೆ ಅಳೆಯುತ್ತದೆ. ಎರಡನೆಯದನ್ನು ನಾವೇ ಅಳೆದುಕೊಳ್ಳಬೇಕು, ಟಿಕೆಟ್ ತೆಗೆಯುವ ಮುಂಚೆ.

ಜೆಎಲ್‌ಪಿಟಿ ಅನ್ನುವ ಈ ಭಾಷಾ ಪರೀಕ್ಷೆ 1984ರಲ್ಲಿ ನಾಲ್ಕು ಹಂತಗಳಲ್ಲಿ ಶುರುವಾಯಿತು. 2010ರಿಂದ ಐದು ಹಂತ. ಸುಲಭದ್ದು ಎನ್‌5, ಕಷ್ಟದ್ದು ಎನ್‌1. ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ. ಪ್ರಶ್ನೆಗಳೆಲ್ಲ ಸರಿಯುತ್ತರ ಆರಿಸುವಂಥವೇ. ಒಂದು ವಾಕ್ಯ ಬರೆಯಬೇಕಿಲ್ಲ, ಒಂದು ಮಾತು ಆಡಬೇಕಿಲ್ಲ. ಎನ್‌2ಗೆ 180ಕ್ಕೆ 90 ಬಂದರೆ ಪಾಸು. ಜೊತೆಗೆ ಮೂರು ಭಾಗಗಳಲ್ಲೂ 60ಕ್ಕೆ ಕನಿಷ್ಠ 19 ಇರಬೇಕು. ಕೇಳುವ ಭಾಗದಲ್ಲಿ ಹೇಗೋ 20 ತೆಗೆದು, ಓದುವುದರಲ್ಲಿ ಸರಿದೂಗಿಸಿ ಪಾಸಾದವರು ನನ್ನ ಕ್ಲಾಸಿನಲ್ಲೇ ಇದ್ದಾರೆ. ಸರ್ಟಿಫಿಕೇಟು ಎನ್‌2ದೇ. ಸ್ಟೇಷನ್ನಿನಲ್ಲಿ ರೈಲು ತಡ ಅಂತ ಮೈಕಿನಲ್ಲಿ ಹೇಳಿದರೆ ಪಕ್ಕದವರ ಮುಖ ನೋಡಬೇಕು. ಪರೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ, ಅದಿಲ್ಲದೆ ಎಷ್ಟೋ ಬಾಗಿಲು ತೆರೆಯುವುದೇ ಇಲ್ಲ.

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಜಪಾನೀಸ್ ಕಲಿಸಲು 2200 ಕ್ಲಾಸ್ ಗಂಟೆ ಬೇಕು ಅಂತ ಲೆಕ್ಕ ಇಟ್ಟಿದೆ. ಈ ಸಂಖ್ಯೆ ನೋಡಿ ಹೆದರಿ ಬರುತ್ತಾರೆ. ಅದು ಇಂಗ್ಲಿಷ್ ಮಾತಾಡಿ ಬೆಳೆದವರ ಲೆಕ್ಕ. ಕನ್ನಡದವರಿಗೆ ಒಂದಷ್ಟು ಗಂಟೆ ಉಳಿತಾಯ ಇದೆ. ಇಂಗ್ಲಿಷಿನಲ್ಲಿ ಬರೆದ ಜಪಾನೀಸ್ ಪುಸ್ತಕ ಹಿಡಿದು ಕೂತರೆ ಮಾತ್ರ ಆ ಉಳಿತಾಯವೂ ಹೋಯಿತು. 'ಬರ್ತೀನಿ ಅಂತ ಹೇಳಿದ' ಅನ್ನುವುದು 'ಕುರು ತೊ ಇತ್ತಾ'. ಆ 'ತೊ' ನಮ್ಮ 'ಅಂತ', ಕೂರುವ ಜಾಗವೂ ಅದೇ. ತಿಂದು ನೋಡು ಅಂದರೆ ತಬೆತೆ ಮಿರು. ಮಿರು ಅಂದರೆ ನೋಡು! ತಿಂದುಬಿಟ್ಟೆ ಅನ್ನಲು ತಬೆತೆ ಶಿಮತ್ತಾ. ಬರೆದುಕೊಡುತ್ತೇನೆ ಅನ್ನಲು ಕೈತೆ ಅಗೆರು. ಇದನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸಲು ಒಂದೊಂದಕ್ಕೆ ಎರಡು ಪುಟ ಬೇಕು. ಕನ್ನಡದಲ್ಲಿ ಹೇಳಿದರೆ ಕ್ಲಾಸು ನಕ್ಕು ಮುಂದೆ ಹೋಗುತ್ತದೆ.

ಕಿವಿಯೂ ನಮ್ಮ ಕಡೆಗೇ ಇದೆ. ಒಬಸನ್ ಅಂದರೆ ಅತ್ತೆ, ಚಿಕ್ಕಮ್ಮ. ಒಬಾಸನ್ ಅಂದರೆ ಅಜ್ಜಿ. ಕಿತೆ ಅಂದರೆ ಬಾ, ಕಿತ್ತೆ ಅಂದರೆ ಅಂಚೆ ಚೀಟಿ. ಬಿರು ಅಂದರೆ ಕಟ್ಟಡ, ಬೀರು ಅಂದರೆ ಕುಡಿಯುವ ಬಿಯರ್. ಹ್ರಸ್ವ, ದೀರ್ಘ, ಒತ್ತು ತಿದ್ದಿ ಬೆಳೆದವರಿಗೆ ಇದೇನು ದೊಡ್ಡ ವಿಷಯ? ಬಸ್ಸನ್ನು ಅವರೂ ಬಸು ಅಂತಾರೆ, ಕೊನೆಗೊಂದು ಉಕಾರ ಅವರಿಗೂ ಬೇಕು.

ಡಾಕ್ಟರ ಹತ್ತಿರ ಹೋದಾಗ ನಮ್ಮ ಕನ್ನಡದ ಬೆಲೆ ಗೊತ್ತಾಗುತ್ತದೆ. ನೋವು ಅಂದರೆ ಸಾಲದು, ಎಂಥ ನೋವು ಅಂತ ಕೇಳುತ್ತಾರೆ. ಜುಕಿಜುಕಿಯಾ, ಚಿಕುಚಿಕುವಾ, ಹಿರಿಹಿರಿಯಾ? ನಿಘಂಟಿನಲ್ಲಿ ಇಂಗ್ಲಿಷ್ ಅರ್ಥ ಹುಡುಕಿದರೆ ತಲೆ ಕೆಡುತ್ತದೆ. ಹಿರಿಹಿರಿ ಅಂದರೆ ಚುರುಚುರು. ಚಿಕುಚಿಕು ಅಂದರೆ ಸೂಜಿ ಚುಚ್ಚಿದ ಹಾಗೆ. ತಲೆ ಸಿಡಿಯುತ್ತಿದ್ದರೆ ಗಂಗನ್. ಇಂಥ ಪದಗಳನ್ನು ಕನ್ನಡದಲ್ಲೇ ಅರ್ಥ ಬರೆದು ಒಂದು ಚಿಕ್ಕ ನೋಟ್‌ಬುಕ್ ಮಾಡಿಕೊಳ್ಳಿ.

ಉಳಿಸಿದ ಗಂಟೆಗಳನ್ನೆಲ್ಲ ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರಗಳು, ನುಂಗುತ್ತವೆ. ದಿನಬಳಕೆಗೆ ಅಂತ ಸರ್ಕಾರ ಪಟ್ಟಿ ಮಾಡಿರುವ ಕಾಂಜಿ 2136. ಅದರಲ್ಲಿ 1026 ಪ್ರೈಮರಿ ಶಾಲೆಯ ಪಾಠ. ಅಂದರೆ ಅಲ್ಲೇ ಹುಟ್ಟಿದ ಮಕ್ಕಳು ಆರು ವರ್ಷ ದಿನಾ ತಿದ್ದಿದರೂ ಅರ್ಧಕ್ಕಿಂತ ಕಡಿಮೆ. ಐದೇ ಗೆರೆಯ ಒಂದು ಅಕ್ಷರ ಇದೆ, 生. ಹುಟ್ಟು, ಬದುಕು, ಹಸಿ, ಎಲ್ಲ ಅದರ ಅರ್ಥಗಳೇ. ವಿದ್ಯಾರ್ಥಿ ಅನ್ನುವ ಗಕುಸೇ ಪದದಲ್ಲಿ ಅದು ಸೇ. ಜನ್ಮದಿನ ಅನ್ನುವ ತಂಜೋಬಿಯಲ್ಲಿ ಜೋ. ಬದುಕು ಅನ್ನುವ ಇಕಿರುವಿನಲ್ಲಿ ಇ, ಹುಟ್ಟು ಅನ್ನುವ ಉಮರೆರುವಿನಲ್ಲಿ ಉ. ಹೋಟೆಲಿನ ಗೋಡೆ ಮೇಲಿನ ಪಟ್ಟಿಯಲ್ಲಿ ಬಿಯರ್ ಅನ್ನುವ ಪದದ ಮೊದಲು ಕೂತರೆ ನಮಾ. ಇಷ್ಟಕ್ಕೇ ಮುಗಿಯುವುದಿಲ್ಲ. ಅಕ್ಷರದ ಮುಂದೆ ಉಚ್ಚಾರಗಳ ಪಟ್ಟಿ ಬರೆದು ಬಾಯಿಪಾಠ ಮಾಡುವವರನ್ನು ನಾನು ಮೊದಲ ವಾರವೇ ತಡೆಯುತ್ತೇನೆ. ಪದವಾಗಿ ಕಲಿಯಿರಿ. ಗಕುಸೇ ಗೊತ್ತಾದರೆ ಸೇ ತಾನಾಗಿ ಬರುತ್ತದೆ.

ಇನ್ನೊಂದು ವಿಷಯ, 'ಹೈ'. ಹೌದು ಅಂತ ಎಲ್ಲರಿಗೂ ಕಲಿಸಿರುತ್ತಾರೆ. ಮಾತಿನ ನಡುವೆ ಬಂದರೆ ಅದು ನಮ್ಮ ಹೂಂ. ಕಥೆ ಕೇಳುವಾಗ ಹೂಂಗುಟ್ಟುತ್ತೇವಲ್ಲ, ಹಾಗೆ. ಅದಕ್ಕೆ ಅವರು ಐಜುಚಿ ಅಂತ ಹೆಸರಿಟ್ಟಿದ್ದಾರೆ. ಒಂದು ಮೀಟಿಂಗಿನಲ್ಲಿ ನಾನು ದುಭಾಷಿ. ಬೆಲೆ ಹೇಳುತ್ತಿದ್ದ ಹಾಗೆ ಎದುರಿನವರು ಹೈ, ಹೈ ಅಂತ ತಲೆಯಾಡಿಸಿದರು. ನಮ್ಮ ಕಡೆಯವರಿಗೆ ಖುಷಿಯೋ ಖುಷಿ. ಕೊನೆಗೆ ಅವರು 'ಕೆಂತೋ ಶಿಮಾಸು' ಅಂದರು. ಪರಿಶೀಲಿಸುತ್ತೇವೆ ಅಂತ ನೇರ ಅರ್ಥ. ನಾನು ಅದನ್ನು 'ನೋಡೋಣ ಅಂತಿದ್ದಾರೆ' ಅಂದೆ. ಎಲ್ಲರಿಗೂ ಗೊತ್ತಾಯಿತು.

ಈಗ ಹೋಗುವ ಮಾತು. ಪದವಿ ಇದ್ದವರಿಗೆ ಕೆಲಸದ ವೀಸಾ ಒಂದು ದಾರಿ. ಅಲ್ಲಿನ ಕಂಪನಿಯೇ ಇಮಿಗ್ರೇಷನ್ ಕಚೇರಿಯಲ್ಲಿ ಸಿಒಇ ಎಂಬ ಅರ್ಹತಾ ಪತ್ರಕ್ಕೆ ಅರ್ಜಿ ಹಾಕುತ್ತದೆ. ಅದು ಬಂದ ಮೇಲೆ ರಾಯಭಾರ ಕಚೇರಿಯಲ್ಲಿ ವೀಸಾ. ಹೆಚ್ಚು ನುರಿತವರಿಗೆ ಅಂಕಗಳ ಪದ್ಧತಿಯೂ ಇದೆ. 70 ಅಂಕ ಬೇಕು, ಎನ್‌1ಗೆ 15, ಎನ್‌2ಗೆ 10 ಸಿಗುತ್ತದೆ.

ಇನ್ನೊಂದು 2019ರ ಏಪ್ರಿಲಿನಲ್ಲಿ ಶುರುವಾದ ತೊಕುತೇ ಗಿನೋ, ಅಂದರೆ ನಿರ್ದಿಷ್ಟ ಕೌಶಲದ ವೀಸಾ. ವೃದ್ಧರ ಆರೈಕೆ, ಹೋಟೆಲ್, ಕಟ್ಟಡ, ಕೃಷಿ ಇಂಥ ಕೆಲಸಗಳಿಗೆ. ಆ ಕೆಲಸದ ಪರೀಕ್ಷೆ ಜೊತೆಗೆ ಎನ್‌4 ಅಥವಾ ಅದಕ್ಕೆ ಸಮನಾದ ಭಾಷಾ ಪರೀಕ್ಷೆ ಬೇಕು. ಏಜೆಂಟರು ಮೆಲ್ಲಗೆ ಹೇಳುವ ಒಂದು ಮಾತನ್ನು ನಾನು ಜೋರಾಗಿ ಹೇಳುತ್ತೇನೆ: ಮೊದಲ ಹಂತದಲ್ಲಿ ಸಾಮಾನ್ಯವಾಗಿ ಒಟ್ಟು ಐದು ವರ್ಷದವರೆಗೆ ಇರಬಹುದು, ಆದರೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ. ಎರಡನೇ ಹಂತ ಇರುವ ಕೆಲಸಗಳಲ್ಲಿ, ಅದಕ್ಕೆ ಏರಿದರೆ ಅದು ಸಾಧ್ಯ.

ಭಾಷಾ ಶಾಲೆಗೆ ಸೇರಿ ವಿದ್ಯಾರ್ಥಿ ವೀಸಾದಲ್ಲಿ ಹೋಗುವುದು ಮೂರನೇ ದಾರಿ. ಅನುಮತಿ ಪಡೆದು ವಾರಕ್ಕೆ 28 ಗಂಟೆ ಕೆಲಸ ಮಾಡಬಹುದು. 'ದುಡಿದೇ ಫೀಸು ಕಟ್ಟಬಹುದು' ಅಂತ ಯಾರಾದರೂ ಹೇಳಿದರೆ ಕಾಗದ ತಗೊಂಡು ಲೆಕ್ಕ ಹಾಕಿ. 28 ಗಂಟೆಯ ದುಡಿಮೆಯಲ್ಲಿ ಬಾಡಿಗೆ, ಊಟ, ವಿಮೆ ಕಳೆದರೆ ಫೀಸಿಗೆ ಏನು ಉಳಿಯುತ್ತದೆ ಅಂತ ನಿಮಗೇ ಕಾಣುತ್ತದೆ. ಸಂಬಳ ಊರಿಗೆ ಕಳಿಸುವ ಯೋಚನೆ ಇದ್ದರೆ ಯೆನ್ ಕಡೆಗೂ ಕಣ್ಣಿರಲಿ. 2011ರಲ್ಲಿ ಡಾಲರಿಗೆ 76 ಯೆನ್ ಆಸುಪಾಸಿಗೆ ಬಂದಿತ್ತು, 2024ರಲ್ಲಿ 160 ದಾಟಿತು. ಅದೇ ಸಂಬಳ, ಡಾಲರ್ ಲೆಕ್ಕದಲ್ಲಿ ಅರ್ಧ.

ಮನೆ ಹಿಡಿಯುವುದು ಒಂದು ಪಾಠವೇ. ಬಾಡಿಗೆ 70,000 ಯೆನ್ ಅಂತಿಟ್ಟುಕೊಳ್ಳಿ. ಶಿಕಿಕಿನ್ ಅಂತ ಒಂದು ತಿಂಗಳ ಡಿಪಾಸಿಟ್. ರೇಕಿನ್ ಅಂತ ಇನ್ನೊಂದು ತಿಂಗಳದು, ಇದು ಮನೆ ಕೊಟ್ಟಿದ್ದಕ್ಕೆ ಓನರಿಗೆ ಕೃತಜ್ಞತೆ, ವಾಪಸ್ ಬರುವುದಿಲ್ಲ. ಬ್ರೋಕರಿಗೆ ಒಂದು ತಿಂಗಳದು, ಮೇಲೆ ತೆರಿಗೆ. ಜಾಮೀನು ನಿಲ್ಲುವ ಕಂಪನಿಗೆ ಬೇರೆ. ಮುಂಗಡ ಬಾಡಿಗೆ ಸೇರಿದರೆ ಮೂರು ಲಕ್ಷ ಯೆನ್ ದಾಟುತ್ತದೆ. ಯುಆರ್ ಅನ್ನುವ ಸಾರ್ವಜನಿಕ ಸಂಸ್ಥೆಯ ಮನೆಗಳಲ್ಲಿ ರೇಕಿನ್, ಬ್ರೋಕರ್, ಜಾಮೀನು ಮೂರೂ ಇಲ್ಲ. ನನಗೆ ಆಗ ಯಾರೂ ಹೇಳಲಿಲ್ಲ.

ನನ್ನ ಮೊದಲ ಮನೆ ಆರು ಜೋ, ಅಂದರೆ ಆರು ತತಾಮಿ ಚಾಪೆಯಷ್ಟು. ಸಂಜೆ ಕೀ ತಗೊಂಡು ಹೋಗಿ ಸ್ವಿಚ್ ಹಾಕಿದೆ. ಬೆಳಕಿಲ್ಲ. ಕರೆಂಟ್ ಹೋಗಿದೆ ಅಂತ ಕಾದೆ. ಹೋಗಿದ್ದು ಕರೆಂಟಲ್ಲ, ಲೈಟೇ ಇರಲಿಲ್ಲ. ಸೂರಿನಲ್ಲಿ ಲೈಟು ಸಿಕ್ಕಿಸುವ ಜಾಗ ಮಾತ್ರ ಇತ್ತು. ಒಲೆಯೂ ಇಲ್ಲ, ಕರ್ಟನ್ನೂ ಇಲ್ಲ. ಹಿಂದಿನ ಬಾಡಿಗೆಯವರು ಕಳಚಿಕೊಂಡು ಹೋಗಿದ್ದರು, ಅಲ್ಲಿ ಅದೇ ವಾಡಿಕೆ.

ಮನೆ ಸೇರಿದ 14 ದಿನದೊಳಗೆ ವಾರ್ಡ್ ಕಚೇರಿಗೆ ಹೋಗಿ ರೆಸಿಡೆನ್ಸ್ ಕಾರ್ಡಿನಲ್ಲಿ ವಿಳಾಸ ಬರೆಸಬೇಕು. ಫಾರಂನಲ್ಲಿ ಮನೆತನದ ಹೆಸರಿಗೊಂದು ಜಾಗ, ನಿಮ್ಮ ಹೆಸರಿಗೊಂದು ಜಾಗ. ಮನೆತನದ ಹೆಸರೇ ಇಲ್ಲದೆ ಇನಿಷಿಯಲ್ ಇಟ್ಟುಕೊಂಡವರು ನಾವು. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಅಪ್ಪನ ಹೆಸರಾಗಿರುತ್ತದೆ. ಆಮೇಲೆ ಬ್ಯಾಂಕು, ಆಸ್ಪತ್ರೆ, ಆಫೀಸು ಎಲ್ಲ ಕಡೆ ನಿಮ್ಮನ್ನು ಅಪ್ಪನ ಹೆಸರು ಹಿಡಿದೇ ಕರೆಯುತ್ತಾರೆ. ಓಗೊಡಲು ಅಭ್ಯಾಸ ಮಾಡಿಕೊಳ್ಳಿ.

ಸಂಬಳದ ಬಗ್ಗೆ ಒಂದೇ ಮಾತು. ಸ್ಥಳೀಯ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ ಬೀಳುತ್ತದೆ. ಹಾಗಾಗಿ ಹೊಸದಾಗಿ ಹೋದವರಿಗೆ ಮೊದಲ ವರ್ಷ ಆ ತೆರಿಗೆಯ ಕಡಿತ ಇರುವುದಿಲ್ಲ. ಅದನ್ನೇ ನಂಬಿ ಇಎಂಐ ಮಾಡಿಕೊಂಡವರಿಗೆ ಮುಂದಿನ ಜೂನ್ ಸಂಬಳ ನೋಡಿ ಗಾಬರಿ.

ಇಷ್ಟೆಲ್ಲ ಕೇಳಿಯೂ ಹೋಗಬೇಕು ಅನ್ನಿಸಿದರೆ, ನನ್ನ ಕ್ಲಾಸಿನಲ್ಲಿ ಎರಡು ಕೆಲಸ ಕೊಡುತ್ತೇನೆ. ತೋಕ್ಯೋದ ಯಾವುದಾದರೂ ವಾರ್ಡಿನ ಕಸದ ಕೈಪಿಡಿ ತೆರೆಯಿರಿ. ಇಂಗ್ಲಿಷಿನದು ಸಿಕ್ಕರೂ ಮುಟ್ಟಬೇಡಿ. ಉರಿಯುವ ಕಸ ಯಾವ ದಿನ, ಬಾಟಲಿಯ ಮುಚ್ಚಳ ಯಾವ ಚೀಲಕ್ಕೆ ಅಂತ ಓದಿ ಹೇಳಿ. ಎರಡನೆಯದು, ಬೆಳಿಗ್ಗೆ ನನಗೆ ಫೋನ್ ಮಾಡಿ, ನಾನು ನಿಮ್ಮ ಬಾಸ್ ಅಂದುಕೊಂಡು, ಜ್ವರ ಬಂದಿದೆ ರಜೆ ಬೇಕು ಅನ್ನಿ. ಎದುರಿಗೆ ಪಟಪಟ ಮಾತಾಡುವವರು ಫೋನಿನಲ್ಲಿ ಬೆವರುತ್ತಾರೆ. ಇದನ್ನು ಮಾಡಿದ ಮೇಲೆ ಒಬ್ಬಳು ಒಂದು ವರ್ಷ ತಡೆದು ಹೋಗುತ್ತೇನೆ ಅಂದಳು. ಒಳ್ಳೆಯ ತೀರ್ಮಾನ ಅಂತಲೇ ನನಗೆ ಅನ್ನಿಸಿತು.

ಇನ್ನೊಬ್ಬ ಎನ್‌4ನಲ್ಲೇ ಹೋದ. ಜಪಾನಿನ ಉತ್ತರದ ಅಓಮೋರಿಯಲ್ಲಿ, ವೃದ್ಧರ ಆರೈಕೆ ಕೆಲಸ. ಅಲ್ಲಿನ ತ್ಸುಗರು ನುಡಿ ತೋಕ್ಯೋದವರಿಗೇ ಅರ್ಥವಾಗುವುದಿಲ್ಲ. ಒಂದು ರಾತ್ರಿ ಫೋನ್ ಮಾಡಿದ.

'ಸೆನ್ಸೇ, ಇಲ್ಲೊಬ್ಬ ಅಜ್ಜಿ ದಿನಾ ನನ್ನ ನೋಡಿ ದೋಸಾ, ದೋಸಾ ಅಂತಾರೆ. ನಾನು ಯಾವ ಕಡೆಯವನು ಅಂತ ಯಾರು ಹೇಳಿದರೋ!'

'ಅಯ್ಯೋ, ಅದು ದೊಸಾ ಕಣಪ್ಪಾ. ಎಲ್ಲಿಗೆ ಹೊರಟೆ ಅಂತ ಕೇಳ್ತಿದ್ದಾರೆ.'

'ಹೌದಾ? ನಾನು ಇಷ್ಟು ದಿನ ಹೈ, ಹೈ ಅಂತಿದ್ದೆ.'

'ಸ್ನಾನಕ್ಕೆ ಹೋಗ್ತಿದ್ದರೆ ಯುಸಾ ಅನ್ನು.'

ಮಾರನೇ ದಿನ ಮೆಸೇಜ್ ಬಂತು. ಅಜ್ಜಿಗೆ ನಗು ತಡೆಯಲಾಗಲಿಲ್ಲವಂತೆ, ಪಕ್ಕದ ಕೋಣೆಯವರನ್ನೂ ಕರೆದು ಇನ್ನೊಂದು ಸಲ ಹೇಳಿಸಿದರಂತೆ.