ಕಣ್ಣಿಗೆ ಕಾಣದ ಮಿಣುಕನ್ನು ಅಳೆಯುವುದು ಹೇಗೆ?

ಪ್ರಶ್ನೆ: ಕಣಗಳನ್ನು ಹಿಡಿಯುವ ಡಿಟೆಕ್ಟರ್‌ನಲ್ಲಿ ಕಣ ಬಡಿದಾಗ ಹರಳು ಬೆಳಕು ಕೊಡುತ್ತದೆ ಅಂತಾರೆ. ಅದು ಕಣ್ಣಿಗೇ ಕಾಣುವುದಿಲ್ಲ. ಮತ್ತೆ ಎಷ್ಟು ಬೆಳಕು ಬಂತು ಅಂತ ಗೊತ್ತಾಗುವುದು ಹೇಗೆ? (ಸಿರುಗುಪ್ಪದ ವಿದ್ಯಾರ್ಥಿಯೊಬ್ಬರು)

ನಲ್ಲಿ ಸೋರದಂತೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಬಳ್ಳಾರಿಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಅಲ್ವಾ? ಕೆಲಸ ಶುರುವಾಗುವುದು ಅಂಥದೇ ಟೇಪಿನಿಂದ. ಒಂದು ಮುಖ ಬಿಟ್ಟು ಹರಳಿಗೆಲ್ಲ ಅದನ್ನು ಸುತ್ತುತ್ತಾರೆ. ಒಳಗಿನ ಬೆಳಕು ಬಿಳಿ ಗೋಡೆಗೆ ಬಡಿದು ಬಡಿದು ಆ ಒಂದೇ ಬಾಗಿಲಿಗೆ ಬರಬೇಕು. ಅಲ್ಲಿಗೆ ಸಿಲಿಕೋನ್ ಗ್ರೀಸ್ ಸವರಿ ಫೋಟೋಮಲ್ಟಿಪ್ಲೈಯರ್ ಟ್ಯೂಬ್, ಅಂದರೆ ಮಂಕು ಬೆಳಕನ್ನೂ ವಿದ್ಯುತ್ತಾಗಿಸಿ ಹಿಗ್ಗಿಸುವ ಕೊಳವೆ, ಕೂರಿಸುತ್ತಾರೆ. ನಡುವೆ ಗಾಳಿಗುಳ್ಳೆ ಉಳಿದರೆ ಒಂದಿಷ್ಟು ಬೆಳಕು ವಾಪಸ್. ಹೊರಗಿನ ಬೆಳಕು ನುಗ್ಗದಂತೆ ಮೇಲೆ ಕಪ್ಪು ಟೇಪ್.

ಕಾಲೇಜುಗಳಲ್ಲಿ ಇರುವುದು ಸಾಮಾನ್ಯವಾಗಿ ಸೋಡಿಯಂ ಅಯೋಡೈಡ್ ಹರಳು. ಅದಕ್ಕೆ ಈ ಸುತ್ತುವ ಕೆಲಸ ಇಲ್ಲ. ಮಳೆಗಾಲದ ಉಪ್ಪಿನ ಹಾಗೆ ನೀರೊಡೆಯುತ್ತದೆ ಅಂತ ಡಬ್ಬಿಯಲ್ಲಿ ಮುಚ್ಚಿಯೇ ಕೊಡುತ್ತಾರೆ. ಅದರೆದುರು ಸೀಸಿಯಂ-137 ಎಂಬ ವಿಕಿರಣ ಸೂಸುವ ವಸ್ತು ಇಡಿ. ಅದರ ಗಾಮಾ ಕಿರಣದ ಶಕ್ತಿ 662 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ). ಅಷ್ಟೂ ಹರಳಿಗೆ ಇಳಿದರೆ ಸುಮಾರು 25,000 ಬೆಳಕಿನ ಕಣ, ಅಂದರೆ ಫೋಟಾನ್, ಹುಟ್ಟುತ್ತವೆ.

ಟ್ಯೂಬಿಗೆ ತಲುಪಿದ ನಾಲ್ಕು ಫೋಟಾನಿನಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ಎಲೆಕ್ಟ್ರಾನ್ ಎಬ್ಬಿಸುತ್ತದೆ. ಆ ಒಂದು ಎಲೆಕ್ಟ್ರಾನ್ ಮೆಟ್ಟಿಲು ಮೆಟ್ಟಿಲಾಗಿ ಲಕ್ಷಗಟ್ಟಲೆ ಆಗಿ ವಿದ್ಯುತ್ ಪಲ್ಸ್ ಆಗುತ್ತದೆ. ಈಗ ಅಳತೆಗೊಂದು ಪಾವು ಬೇಕಲ್ಲ? ಎಲ್‌ಇಡಿಯನ್ನು ಎಷ್ಟು ಮಂಕಾಗಿ ಮಿನುಗಿಸುತ್ತಾರೆ ಅಂದರೆ, ಬಹಳಷ್ಟು ಸಲ ಏನೂ ಬರುವುದಿಲ್ಲ, ಬಂದರೆ ಒಂದೇ ಎಲೆಕ್ಟ್ರಾನ್. ಆ ಪಲ್ಸೇ ಪಾವು. ಸೀಸಿಯಂ ಪಲ್ಸನ್ನು ಅದರಿಂದ ಭಾಗಿಸಿದರೆ ಎಲೆಕ್ಟ್ರಾನ್ ಲೆಕ್ಕ ಸಿಕ್ಕಿತು. ಅಲ್ಲಿಂದ ಹಿಂದಕ್ಕೆ ನಡೆದು ಬೆಳಕಿನ ಲೆಕ್ಕ. ನಿಜ ಹೇಳಬೇಕೆಂದರೆ, ಬೆಳಕನ್ನು ನೇರವಾಗಿ ಯಾರೂ ಎಣಿಸಿಲ್ಲ.

ಜಿನೀವಾ ಹತ್ತಿರ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಸರ್ನ್ ಸಂಶೋಧನಾ ಕೇಂದ್ರದ ಸಿಎಂಎಸ್ ಡಿಟೆಕ್ಟರ್‌ಗೆ 75,848 ಲೆಡ್ ಟಂಗ್‌ಸ್ಟೇಟ್ ಹರಳು ಕೂರಿಸಿದರು. ನೋಡಲು ಗಾಜು, ತೂಕದಲ್ಲಿ ಕಬ್ಬಿಣಕ್ಕಿಂತ ಭಾರ. ಬೆಳಕು ಮಾತ್ರ ಸೋಡಿಯಂ ಅಯೋಡೈಡಿನ ನೂರನೇ ಪಾಲೂ ಇಲ್ಲ. ಆದರೆ ಅದರಲ್ಲಿ ಜಾಸ್ತಿ ಪಾಲು 25 ನ್ಯಾನೋಸೆಕೆಂಡಿನಲ್ಲಿ ಬಂದು ಮುಗಿಯುತ್ತದೆ. ಪ್ರೋಟಾನ್ ಗುಂಪುಗಳು ಎದುರಾಗುವುದೂ 25 ನ್ಯಾನೋಸೆಕೆಂಡಿಗೊಮ್ಮೆ, ಹಾಗಾಗಿ ಈ ಚುರುಕೇ ಮುಖ್ಯ. ಒಂದು ಡಿಗ್ರಿ ಬಿಸಿ ಏರಿದರೆ ಬೆಳಕು ಶೇ. 2ರಷ್ಟು ಇಳಿಯುತ್ತದೆ. ಅದಕ್ಕೇ ಹರಳುಗಳನ್ನು 18 ಡಿಗ್ರಿಯಲ್ಲಿ ಕದಲದಂತೆ ಇಟ್ಟಿದ್ದರು.

ಬಿಸಿಯ ಕಾಟ ನನಗೆ ಎಂಎಸ್‌ಸಿ ಓದುವಾಗಲೇ ತಗುಲಿತ್ತು. ಬಳ್ಳಾರಿಯ ಮೇ ತಿಂಗಳು. ಪಲ್ಸುಗಳ ಗ್ರಾಫಿನಲ್ಲಿ ಬೆಳಿಗ್ಗೆ ಸರಿಯಾಗಿದ್ದ ಸೀಸಿಯಂ ಶಿಖರ ಮಧ್ಯಾಹ್ನಕ್ಕೆ ಜರುಗಿತ್ತು. ಸುಮ್ನೆ ಎರಡು ದಿನ ವೈರು ಬಿಚ್ಚಿ ಕಟ್ಟಿದೆವು. ಆಮೇಲೆ ಪ್ರತಿ ರೀಡಿಂಗ್ ಪಕ್ಕ ಕೋಣೆಯ ಉಷ್ಣತೆಯನ್ನೂ ಬರೆಯತೊಡಗಿದೆವು.