ಕಾಯಿಲೆ ಹೃದಯದ್ದು, ದಿನಾ ತೂಕ ಯಾಕೆ ನೋಡಬೇಕು?

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ಹೋದ ತಿಂಗಳು ಏದುಸಿರು ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ಹಾರ್ಟ್ ಫೇಲ್ಯೂರ್ ಅಂದರು. ಮನೆಗೆ ಕಳಿಸುವಾಗ ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ ಅಂತ ಹೇಳಿದ್ದಾರೆ. ಅಪ್ಪ ಮೊದಲಿಂದಲೂ ಸಣಕಲು, ಊಟವೂ ಕಡಿಮೆ. ಹೃದಯದ ಕಾಯಿಲೆಗೂ ತೂಕಕ್ಕೂ ಏನು ಸಂಬಂಧ?

ಉತ್ತರ: ಅಪ್ಪ ದಪ್ಪ ಆಗುತ್ತಿದ್ದಾರಾ ಅಂತ ಯಾರೂ ಕೇಳುತ್ತಿಲ್ಲ. ಅವರ ಮೈಯಲ್ಲಿ ನೀರು ನಿಲ್ಲುತ್ತಿದೆಯಾ ಅಂತ ತಿಳಿಯಬೇಕು. ಅದನ್ನು ಮನೆಯಲ್ಲೇ ಕಂಡುಹಿಡಿಯೋಕೆ ತೂಕದ ಯಂತ್ರಕ್ಕಿಂತ ಸುಲಭದ ದಾರಿ ಇಲ್ಲ.

ಮೊದಲು ಆ ಹೆಸರಿನ ಭಯ ಕಳೆಯೋಣ. ಫೇಲ್ ಅಂದ ತಕ್ಷಣ ಹೃದಯ ನಿಂತೇಹೋಯಿತು ಅಂದುಕೊಳ್ಳುತ್ತೇವೆ. ನಿಂತಿಲ್ಲ, ಸೋತಿದೆ ಅಷ್ಟೆ. ಕೆಲವರಲ್ಲಿ ಹಿಂಡುವ ಬಲ ಕಮ್ಮಿಯಾಗಿರುತ್ತದೆ. ಇನ್ನು ಕೆಲವರಲ್ಲಿ ಹೃದಯದ ಗೋಡೆ ಪೆಡಸಾಗಿ, ಸರಿಯಾಗಿ ರಕ್ತ ತುಂಬಿಕೊಳ್ಳೋಕೆ ಆಗುವುದಿಲ್ಲ. ಎಕೋ ಅಂದರೆ ಹೃದಯದ ಸ್ಕ್ಯಾನ್. ಅದರ ವರದಿಯಲ್ಲಿ ಇಎಫ್, ಅಂದರೆ ಒಂದು ಬಡಿತಕ್ಕೆ ಹೊರಗೆ ಹೋಗುವ ರಕ್ತದ ಪಾಲು, ಶೇಕಡಾ 35 ಅಂತ ಇದ್ದರೆ ಪರೀಕ್ಷೆಯಲ್ಲಿ 35 ಅಂಕ ಬಂದ ಹಾಗೆ ಕುಸಿದು ಕೂರಬೇಡಿ. ಚೆನ್ನಾಗಿರುವ ಹೃದಯವೂ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ 55ರಿಂದ 70ರಷ್ಟನ್ನೇ ಹೊರಗೆ ತಳ್ಳುವುದು. ನೂರು ಯಾರಿಗೂ ಇಲ್ಲ.

ಇಲ್ಲಿ ಎಡವಟ್ಟು ಮಾಡುವುದು ಕಿಡ್ನಿ. ಹೃದಯ ಸೋತಾಗ ಕಿಡ್ನಿಗೆ ಬರುವ ರಕ್ತ ಕಡಿಮೆಯಾಗುತ್ತದೆ. ಅದಕ್ಕೆ ಗೊತ್ತಿರುವುದು ಒಂದೇ ಲೆಕ್ಕ: ರಕ್ತ ಕಮ್ಮಿ ಬಂತು ಅಂದರೆ ಮೈಯಲ್ಲಿ ನೀರಿಲ್ಲ. ತಗೋ, ಉಪ್ಪನ್ನೂ ನೀರನ್ನೂ ಮೂತ್ರಕ್ಕೆ ಬಿಡದೆ ಹಿಡಿದಿಡುತ್ತದೆ. ವಾಂತಿ ಭೇದಿ ಆದಾಗ ಜೀವ ಉಳಿಸುವ ಬುದ್ಧಿ ಇದೇ. ಈಗ ಮಾತ್ರ ಸುಸ್ತಾದ ಎತ್ತಿನ ಗಾಡಿಗೆ ಇನ್ನೆರಡು ಮೂಟೆ ಹೇರಿದ ಹಾಗೆ. ಜಾಸ್ತಿಯಾದ ನೀರು ಪಾದಕ್ಕೆ ಇಳಿಯುತ್ತದೆ, ಹೊಟ್ಟೆಯಲ್ಲಿ ನಿಲ್ಲುತ್ತದೆ, ಶ್ವಾಸಕೋಶಕ್ಕೆ ಹತ್ತುತ್ತದೆ.

ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಪಾದ ಊದಿದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಎರಡು ಮೂರು ಲೀಟರ್ ಸೇರಿರಬಹುದು. ತೂಕದ ಯಂತ್ರ ಅದಕ್ಕಿಂತ ಮೊದಲೇ ಹೇಳಿಬಿಡುತ್ತದೆ.

ಊಟ ಕಡಿಮೆ ಅಂದಿರಲ್ಲ, ಅದೂ ಇದೇ ಕತೆಯ ಭಾಗ ಇರಬಹುದು. ಕರುಳು, ಲಿವರ್ ಸುತ್ತ ನೀರು ಕಟ್ಟಿಕೊಂಡರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಆಗುತ್ತದೆ. ನಮ್ಮಲ್ಲಿ ಅದಕ್ಕೆ ತಕ್ಷಣ ಗ್ಯಾಸ್ಟ್ರಿಕ್ ಅಂತ ಹೆಸರಿಟ್ಟು ಜೀರಿಗೆ ಕಷಾಯ ಕೊಟ್ಟುಬಿಡುತ್ತೇವೆ. ಊಟ ಇಳಿಯುತ್ತಿದೆ, ತೂಕ ಏರುತ್ತಿದೆ ಅಂದರೆ ಅದು ಗ್ಯಾಸ್ ಅಲ್ಲ. ಡಾಕ್ಟರಿಗೆ ಫೋನ್ ಮಾಡಿ.

ನಮ್ಮ ಸೋದರತ್ತೆಗೆ ಇದೇ ಕಾಯಿಲೆ ಇತ್ತು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ತೂಕವನ್ನೂ ಬರೆಯುತ್ತಿದ್ದರು. ಒಂದು ಲೀಟರ್, ಅದರ ಕೆಳಗೆ 58.2. ಒಂದೂವರೆ ಲೀಟರ್, 58.3. ಗೌರಿ ಹಬ್ಬದ ವಾರ ಮನೆ ತುಂಬ ನೆಂಟರು. ಕೋಡುಬಳೆ, ಚಕ್ಕುಲಿ, ಎರಡು ಥರ ಉಪ್ಪಿನಕಾಯಿ. ಕ್ಯಾಲೆಂಡರಿನಲ್ಲಿ 58.9, ಮಾರನೇ ದಿನ 59.8, ಆಮೇಲೆ 60.6. ಯಾರೂ ನೋಡಲಿಲ್ಲ. ರಾತ್ರಿ ಮಲಗಿದರೆ ಉಸಿರು ಕಟ್ಟಿ, ಒಂದು ದಿಂಬು ಸಾಲದೆ ಎರಡು ಇಟ್ಟುಕೊಂಡರು. ಅದನ್ನೂ ಯಾರೂ ಗಮನಿಸಲಿಲ್ಲ. ನಾಲ್ಕನೇ ದಿನ ನಡುರಾತ್ರಿ ಎದ್ದು ಕೂತು ಕಿಟಕಿ ತೆಗೆಯಿರಿ ಅಂದರು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಕ್ಯಾಲೆಂಡರ್ ನೋಡಿದೆ. ಎಲ್ಲಾ ಅಲ್ಲೇ ಬರೆದಿತ್ತು. ಬರೆಯೋದು ಒಬ್ಬರ ಕೆಲಸ ಆದರೆ, ಓದೋದು ಇನ್ನೊಬ್ಬರ ಕೆಲಸ ಆಗಬೇಕು. ನಮ್ಮ ಮನೆಯಲ್ಲಿ ಆ ಇನ್ನೊಬ್ಬರು ಇರಲಿಲ್ಲ.

ಎಷ್ಟು ಏರಿದರೆ ಹುಷಾರಾಗಬೇಕು? ಸಾಮಾನ್ಯವಾಗಿ ಹೇಳುವ ಅಳತೆ, ಮೂರು ದಿನದಲ್ಲಿ 2 ಕೆಜಿಗಿಂತ ಜಾಸ್ತಿ. ಒಂದೇ ದಿನದಲ್ಲಿ ಒಂದು, ಒಂದೂವರೆ ಕೆಜಿ ಏರಿದರೂ ಕಾಯಬೇಡಿ. ನಿಮ್ಮ ಡಾಕ್ಟರ್ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಲೆಕ್ಕ. ಏರಿದಾಗ ನೀರಿನ ಮಾತ್ರೆ (ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಮಾತ್ರೆ) ಎಷ್ಟು ಹೆಚ್ಚಿಸಬೇಕು ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ. ಸುಮ್ನೆ ನೀವೇ ಜಾಸ್ತಿ ಮಾಡಬೇಡಿ. ತೂಕ ಧಡಕ್ಕನೆ ಇಳಿದು ತಲೆ ಸುತ್ತಿದರೂ, ಭೇದಿ ಹಿಡಿದರೂ ಫೋನ್ ಮಾಡಬೇಕು. ಆಗ ಕೆಲವು ಮಾತ್ರೆಗಳನ್ನು ಒಂದೆರಡು ದಿನ ನಿಲ್ಲಿಸಿ ಅನ್ನಬಹುದು.

ಉಪ್ಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಜಗಳ ಆಗುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೂ ಹೇಳುವುದು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಸಾರಿಗೆ ಉಪ್ಪು ಕಮ್ಮಿ ಹಾಕಿ, ಪಕ್ಕದಲ್ಲಿ ಹಪ್ಪಳ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ ಬಡಿಸಿದರೆ ಏನು ಬಂತು? ಕರಾವಳಿ ಮನೆಯಾದರೆ ಒಣಮೀನು. ಬೇಕರಿ ಖಾರ, ಬ್ರೆಡ್, ಪ್ಯಾಕೆಟ್ ಸೂಪ್ ಎಲ್ಲವೂ ಉಪ್ಪೇ. ನಿಂಬೆಹಣ್ಣು, ಹುಣಸೆ, ಕೊತ್ತಂಬರಿ, ಮೆಣಸು, ಬೆಳ್ಳುಳ್ಳಿ ಒಗ್ಗರಣೆ ಮೇಲೆ ಭಾರ ಹಾಕಿ. ಒಂದೆರಡು ವಾರ ಸಪ್ಪೆ ಅನ್ನುತ್ತಾರೆ, ಆಮೇಲೆ ನಾಲಿಗೆ ಹೊಂದಿಕೊಳ್ಳುತ್ತದೆ.

ಒಂದು ಎಚ್ಚರ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಈ ಕಾಯಿಲೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ಥರದ ಮಾತ್ರೆಗಳು ಮೊದಲೇ ರಕ್ತದ ಪೊಟ್ಯಾಸಿಯಂ ಏರಿಸುತ್ತವೆ. ಅದು ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ದಿನಾ ಎಳನೀರು ಕೊಡುವ ಅಭ್ಯಾಸ ಇದ್ದರೂ ಇದೇ ಕಾರಣಕ್ಕೆ ಒಂದು ಮಾತು ಕೇಳಿ. ಕುಡಿಯುವ ನೀರಿಗೆ ಎಲ್ಲರಿಗೂ ಒಂದೇ ಅಳತೆ ಇಲ್ಲ. ಇಷ್ಟು ಲೀಟರ್ ಅಂತ ಹೇಳಿದ್ದರೆ ಕಾಫಿ, ಮಜ್ಜಿಗೆ, ಗಂಜಿ, ತಿಳಿಸಾರು ಎಲ್ಲಾ ಆ ಲೆಕ್ಕಕ್ಕೇ ಸೇರುತ್ತದೆ.

ಮಂಡಿನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಅವು ಕಿಡ್ನಿಗೆ ಇನ್ನಷ್ಟು ಉಪ್ಪು, ನೀರು ಹಿಡಿದಿಡು ಅಂತ ಹೇಳಿಕೊಟ್ಟ ಹಾಗೆ. ವಾರವಿಡೀ ಪಥ್ಯ ಮಾಡಿ, ಎರಡು ನೋವಿನ ಮಾತ್ರೆಯಿಂದ ಆಸ್ಪತ್ರೆ ಸೇರುವವರಿದ್ದಾರೆ.

ಮಾತ್ರೆಗಳ ಚೀಟಿ ಉದ್ದ ಇರುತ್ತದೆ, ಗೊತ್ತು. ಕಾಲಿನ ಊತ ಇಳಿಸುವ ಫ್ಯೂರೊಸೆಮೈಡ್ ಥರದ ನೀರಿನ ಮಾತ್ರೆಯ ಕೆಲಸ ಕಣ್ಣಿಗೆ ಕಾಣುತ್ತದೆ. ಹಾಗಾಗಿ ಜನ ಅದೊಂದನ್ನೇ ನಂಬಿ ಉಳಿದದ್ದನ್ನು ಬಿಡುತ್ತಾರೆ. ಆದರೆ ಬಲ ಕುಗ್ಗಿದ ಹೃದಯದವರ ಆಯಸ್ಸು ಹೆಚ್ಚಿಸುವುದು ಸದ್ದಿಲ್ಲದೆ ಕೆಲಸ ಮಾಡುವ ಆ ಉಳಿದವೇ. ಅದರಲ್ಲಿ ಡಾಪಾಗ್ಲಿಫ್ಲೋಜಿನ್ ಅಂತ ಇದ್ದರೆ, ಅದು ಶುಗರ್ ಮಾತ್ರೆ, ಅಪ್ಪನಿಗೆ ಶುಗರ್ ಇಲ್ಲವಲ್ಲ ಅಂತ ನಿಲ್ಲಿಸಬೇಡಿ. ಶುಗರ್ ಇಲ್ಲದವರ ಹೃದಯಕ್ಕೂ ಅದು ಒಳ್ಳೆಯದು ಅಂತ 2019ರ ದೊಡ್ಡ ಅಧ್ಯಯನದಲ್ಲೇ ಗೊತ್ತಾಗಿದೆ.

ಮಲಗಿದರೆ ಉಸಿರು ಕಟ್ಟುವುದು, ನೊರೆ ಅಥವಾ ಗುಲಾಬಿ ಬಣ್ಣದ ಕಫ, ಎದೆನೋವು, ಪ್ರಜ್ಞೆ ತಪ್ಪುವುದು ಕಂಡರೆ ತೂಕ ನೋಡುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ.

ಇನ್ನು ತೂಕ ನೋಡುವ ಕ್ರಮ. 100 ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ಯಂತ್ರ ಸಾಕು. ಗಟ್ಟಿ ನೆಲದ ಮೇಲೆ ಇಡಿ, ಚಾಪೆ ಮೇಲೆ ಬೇಡ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮುಂಚೆ. ದಿನಾ ಹೆಚ್ಚುಕಮ್ಮಿ ಅಷ್ಟೇ ಭಾರದ ಬಟ್ಟೆ. ಆಸ್ಪತ್ರೆಯಿಂದ ಬಂದ ಮೇಲೆ ಊತ ಇಲ್ಲದೆ, ಉಸಿರು ಸಲೀಸಾಗಿ ಇದ್ದ ದಿನದ ತೂಕವನ್ನು ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಲ್ಲಿ ದಪ್ಪಗೆ ಬರೆದುಬಿಡಿ, ಉಳಿದದ್ದೆಲ್ಲ ಅದರ ಜೊತೆ ಹೋಲಿಸೋದು. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಆ ಹಾಳೆಯ ಫೋಟೋ ತಗೊಂಡು ಹೋಗಿ. ಹಾಲಿನ ಲೆಕ್ಕ ಕಂಡರೂ ಪರವಾಗಿಲ್ಲ.