ಬ್ರೆಡ್ ಚೆನ್ನಾಗಿ ಉಬ್ಬಿತ್ತು, ಓವನ್‌ನಲ್ಲಿ ಯಾಕೆ ಕುಸಿಯಿತು?

ಪ್ರಶ್ನೆ: ರೆಸಿಪಿಯಲ್ಲಿ ಇದ್ದ ಹಾಗೇ ಹಿಟ್ಟನ್ನು ಒಂದೂವರೆ ಗಂಟೆ ಮುಚ್ಚಿಟ್ಟೆ. ಟಿನ್‌ಗೆ ಹಾಕಿ ಮತ್ತೊಂದು ಗಂಟೆ ಬಿಟ್ಟೆ. ಬೇಯುವಾಗ ನಡು ಕುಸಿದು ಹೋಯ್ತು, ರುಚಿಯೂ ಹುಳಿ. ಈಸ್ಟ್ ಹಳೆಯದಿತ್ತಾ? (ಕಾರವಾರದ ಓದುಗರೊಬ್ಬರು)

ಈಸ್ಟ್ ಹಳೆಯದಾಗಿದ್ದರೆ ಹಿಟ್ಟು ಉಬ್ಬುತ್ತಲೇ ಇರಲಿಲ್ಲ. ನಿಮ್ಮ ಅಡುಗೆಮನೆಯ ಸೆಕೆಗೆ ಅಷ್ಟು ಹೊತ್ತು ಜಾಸ್ತಿಯಾಯ್ತು, ಅಷ್ಟೇ.

ದೋಸೆ ಹಿಟ್ಟು ನೆನಪು ಮಾಡಿಕೊಳ್ಳಿ. ಮೇ ತಿಂಗಳಲ್ಲಿ ಕಾರವಾರದಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಗಾಗುವಷ್ಟರಲ್ಲಿ ಉಕ್ಕಿ ಕಟ್ಟೆ ಮೇಲೆ ಹರಿದಿರುತ್ತದೆ. ಜುಲೈ ಮಳೆಯಲ್ಲಿ ಶಿರಸಿಯ ನನ್ನ ತವರಲ್ಲಿ ಅದೇ ಹಿಟ್ಟು ಇಟ್ಟ ಹಾಗೇ ಕೂತಿರುತ್ತದೆ, ಅಮ್ಮ ಪಾತ್ರೆಯನ್ನು ಒಲೆ ಪಕ್ಕಕ್ಕೆ ಸರಿಸುತ್ತಾಳೆ. ಬ್ರೆಡ್‌ಗೂ ಇದೇ ಲೆಕ್ಕ. ಹೆಚ್ಚಿನ ರೆಸಿಪಿಗಳು 22-24 ಡಿಗ್ರಿಯ ತಂಪು ಕೋಣೆಗೆ ಬರೆದವು. 32 ಡಿಗ್ರಿಯಲ್ಲಿ ಈಸ್ಟ್ ಬಹಳ ಚುರುಕು. ಮೊದಲ ಸಲ ಮುಕ್ಕಾಲು ಗಂಟೆ, ಟಿನ್‌ನಲ್ಲಿ ಅರ್ಧ ಗಂಟೆ ಸಾಕಾಗಬಹುದು. ಅದಕ್ಕೂ ಮೀರಿ ಬಿಟ್ಟರೆ ಗ್ಯಾಸನ್ನು ಹಿಡಿದಿಡುವ ಹಿಟ್ಟಿನ ಜಿಗುಟು ಹಿಗ್ಗಿ ಹಿಗ್ಗಿ ಸೋಲುತ್ತದೆ. ಓವನ್‌ನ ಬಿಸಿ ತಾಗಿದಾಗ ಇನ್ನಷ್ಟು ಹಿಗ್ಗುವ ತಾಕತ್ತು ಇರುವುದಿಲ್ಲ.

ಹಾಗಾಗಿ ಗಡಿಯಾರ ಬಿಡಿ, ಹಿಟ್ಟು ನೋಡಿ. ಮೊದಲ ಸಲ ಎರಡರಷ್ಟಾದರೆ ಸಾಕು. ಟಿನ್‌ಗೆ ಹಾಕಿದ ಮೇಲೆ, ಒಣ ಮೈದಾ ಸವರಿದ ಬೆರಳಿನಿಂದ ಅರ್ಧ ಇಂಚು ಒತ್ತಿ. ಗುಳಿ ಪಟ್ಟಂತ ಮುಚ್ಚಿಕೊಂಡರೆ ಇನ್ನೂ ಕಾಯಬೇಕು. ಸೋಮಾರಿಯ ಹಾಗೆ ನಿಧಾನಕ್ಕೆ ಅರ್ಧ ಮೇಲೆ ಬಂದರೆ ಅದೇ ಸರಿಯಾದ ಹೊತ್ತು. ಗುಳಿ ಹಾಗೇ ಉಳಿದು ಸುತ್ತ ಸುಕ್ಕು ಬಿದ್ದರೆ ತಡವಾಯ್ತು. ನಾನೊಮ್ಮೆ ಮೀನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಹೀಗಾಗಿತ್ತು. ಎಸೆಯಲಿಲ್ಲ. ತಟ್ಟೆಯಲ್ಲಿ ಚಪ್ಪಟೆ ತಟ್ಟಿ, ಎಣ್ಣೆ, ಬೆಳ್ಳುಳ್ಳಿ ಹಾಕಿ ಬೇಯಿಸಿದೆ. ನಿಜ ಹೇಳಬೇಕೆಂದರೆ ಬ್ರೆಡ್‌ಗಿಂತ ಅದೇ ಬೇಗ ಖಾಲಿಯಾಯ್ತು!

ನನ್ನ ಅಳತೆ: 300 ಗ್ರಾಂ ಮೈದಾ, 185 ಮಿ.ಲೀ. ನೀರು, ಉಪ್ಪು ಮತ್ತು ಸಕ್ಕರೆ ಒಂದೊಂದು ಟೀ ಚಮಚ, ಎಣ್ಣೆ ಒಂದು ದೊಡ್ಡ ಚಮಚ, ಇನ್‌ಸ್ಟಂಟ್ ಈಸ್ಟ್ ಒಂದು ಟೀ ಚಮಚ. ಬೇಸಿಗೆಯಲ್ಲಿ ಈಸ್ಟ್ ಅರ್ಧ ಚಮಚ ಸಾಕು, ನೀರು ಮಣ್ಣಿನ ಕೊಡದ್ದಿರಲಿ. ಉಗುರು ಬೆಚ್ಚಗಿನ ನೀರು ಶಿರಸಿಯ ಮಳೆಗಾಲಕ್ಕೆ. ಉಪ್ಪು ಕಡಿಮೆ ಮಾಡಬೇಡಿ, ಈಸ್ಟ್‌ಗೆ ಅದೇ ಕಡಿವಾಣ. ಮಳೆಗಾಲದಲ್ಲಿ ಮೈದಾ ಮೊದಲೇ ತೇವ ಹಿಡಿದಿರುತ್ತದೆ. ಆಗ ಎರಡು ಚಮಚ ನೀರು ಹಿಂದಿಟ್ಟುಕೊಂಡು, ಬೇಕಾದರೆ ಮಾತ್ರ ಹಾಕಿ. ಹತ್ತು ನಿಮಿಷ ಚೆನ್ನಾಗಿ ನಾದಿ.

ಬೇಯಿಸುವುದು 200 ಡಿಗ್ರಿಯಲ್ಲಿ 30-35 ನಿಮಿಷ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಬಿಸಿ ಪಾವ್ ಮುರಿದು ತಿನ್ನುವ ಅಭ್ಯಾಸ ನಮ್ಮ ಕಡೆಯವರಿಗೆ, ಅಲ್ವಾ? ಇದನ್ನು ಹಾಗೆ ಮುರಿಯಬೇಡಿ. ಒಂದು ಗಂಟೆ ಆರಲಿ, ಇಲ್ಲವಾದರೆ ಒಳಗೆ ಅಂಟಂಟು ಆಗಿ, ಬೆಂದಿಲ್ಲ ಅಂತ ಮತ್ತೆ ನನಗೇ ಪ್ರಶ್ನೆ ಬರೆಯುತ್ತೀರಿ.